ಕಬ್ಬಿಣದ ತೂಕವನ್ನು ನನ್ನ ಮಗಳ ಹೆಸರಿಗೆ ಬರೆದವರಿಗೆ

ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ನನ್ನ ಮಗಳು ಪೂಜಿತಾ ಗುಣಮುಖಳಾಗಿದ್ದಾಳೆಂದು ಹೋದ ತಿಂಗಳು ನಿಮ್ಮ ಆಸ್ಪತ್ರೆ ಕಾಗದ ಕೊಟ್ಟಿತು. ಆ ಕಾಗದ ಸುಳ್ಳು. ಅದರ ಆಧಾರದ ಮೇಲೆ ಅವಳ ಚಿಕಿತ್ಸೆ ನಿಲ್ಲಿಸಿದ್ದೀರಿ. ಇದು ಬರೀ ಕಣ್ತಪ್ಪು ಎಂದು ನಂಬಲು ನನಗೆ ಮನಸ್ಸು ಬರುತ್ತಿಲ್ಲ.

ಹತ್ತೊಂಬತ್ತರ ಈ ಹುಡುಗಿಗೆ ಎರಡು ವರ್ಷದಿಂದ ಊಟವೆಂದರೆ ಭಯ. ಅದು ಹಠವಲ್ಲ, ಕಾಯಿಲೆ ಎಂದು ನಮಗೆ ತಿಳಿಸಿಕೊಟ್ಟವರು ನಿಮ್ಮಲ್ಲಿದ್ದ ಮನೋವೈದ್ಯರೇ. ಅವರಿಗೆ ವರ್ಗವಾಯಿತು. ಅವರ ಕುರ್ಚಿ ಖಾಲಿಯಾದ ಹದಿನೈದು ದಿನಕ್ಕೆ ನಿಮ್ಮ ರೋಗಿಗಳು ಒಬ್ಬೊಬ್ಬರಾಗಿ ಗುಣವಾಗತೊಡಗಿದರು. ವೈದ್ಯರಿಲ್ಲದೆಯೇ ರೋಗ ವಾಸಿಯಾಗುವ ಈ ಪವಾಡವನ್ನು ಮೇಲಿನವರಿಗೆ ವರದಿ ಮಾಡಿದ್ದೀರಾ?

ನಾನು ಸಂಡೂರು ರಸ್ತೆಯ ವೇ ಬ್ರಿಡ್ಜ್‌ನಲ್ಲಿ ಇಪ್ಪತ್ತೆರಡು ವರ್ಷದಿಂದ ಲಾರಿ ತೂಗುವವನು. ಅದಿರಿನ ಲಾರಿಯೂ ಬರುತ್ತದೆ, ಕಂಪ್ಲಿಯ ಭತ್ತವೂ ಬರುತ್ತದೆ. ತೂಕ ಹೆಚ್ಚಿಸಲು ಭತ್ತಕ್ಕೆ ನೀರು ಹೊಡೆಯುವವರು, ಮೂಟೆಗಳ ನಡುವೆ ಕಲ್ಲು ಬಚ್ಚಿಡುವವರು, ಎಲ್ಲರನ್ನೂ ಹಿಡಿದಿದ್ದೇನೆ. ಆ ಕಥೆಗಳನ್ನು ಊಟಕ್ಕೆ ಕೂತಾಗ ಹೇಳಿ ಮಗಳನ್ನು ನಗಿಸುತ್ತಿದ್ದೆ. ಅವಳು ಚೆನ್ನಾಗಿಯೇ ಕಲಿತಳು. ತಪಾಸಣೆಯ ದಿನ ಹೊಟ್ಟೆ ಬಿರಿಯುವಷ್ಟು ನೀರು ಕುಡಿದು, ನನ್ನ ಶೆಡ್ಡಿನ ನಟ್ಟು ಬೋಲ್ಟುಗಳನ್ನು ಚೂಡಿದಾರದೊಳಗೆ ಕಟ್ಟಿಕೊಂಡು ನಿಮ್ಮ ಯಂತ್ರದ ಮೇಲೆ ನಿಂತಳು. ಒಂದಲ್ಲ, ಮೂರು ಸಲ. ಮುಳ್ಳು ಮೇಲೇರಿದ್ದನ್ನು ನೋಡಿ ಪಕ್ಕದಲ್ಲೇ ನಿಂತಿದ್ದ ನಾನು ಸಂತೋಷದಿಂದ ಅತ್ತೆ. ಅನುಮಾನ ಬರಲಿಲ್ಲವೇ ಎಂದರೆ, ಬರುವುದು ನನಗೆ ಬೇಕಿರಲಿಲ್ಲ. ನಿಮಗೂ ಬೇಕಿರಲಿಲ್ಲವೇ?

ಮನೆಯಲ್ಲಿ ನಾವು ಪೊಲೀಸರಾಗಿ ಹೋಗಿದ್ದೇವೆ. ನನ್ನ ಹೆಂಡತಿ ಕೊಟ್ರಬಸಮ್ಮ ಬಚ್ಚಲ ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಾಳೆ. ನಾನು ಕಸದ ಬುಟ್ಟಿಯಲ್ಲಿ ರೊಟ್ಟಿ ಚೂರು ಹುಡುಕುತ್ತೇನೆ. ಹೆತ್ತ ಮಗಳನ್ನು ಹೀಗೆ ಕಾಯುವುದು ನಾಚಿಕೆಗೇಡಿನ ಕೆಲಸ, ಆದರೂ ಬಿಡುವಂತಿಲ್ಲ. ಒಂದು ಸಲವಾದರೂ ನೀವು ನಮ್ಮನ್ನು, ಮನೆಯಲ್ಲಿ ಏನು ತಿನ್ನುತ್ತಾಳೆ ಎಂದು ಕೇಳಿದ್ದರೆ ಹೇಳುತ್ತಿದ್ದೆವು.

ನಿಮ್ಮ ಕಾಗದ ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿದೆವು. ಪೂಜಿತಾ ತಟ್ಟೆ ಸರಿಸಿ ಎದ್ದುಹೋಗಿ, ಆ ನಟ್ಟುಗಳನ್ನು ತಂದು ನನ್ನ ಮುಂದಿಟ್ಟಳು.

"ಅಪ್ಪಾ, ಇನ್ನ ಮ್ಯಾಲೆ ನಾ ಹೇಳೂದು ನಂಬಬ್ಯಾಡ. ನಂಗ ಭಾಳ ಅಂಜಿಕಿ ಆಗೇತಿ. ಆದ್ರ ಬಿಡಾಕ ಆಗವಲ್ದು."

ಮರುದಿನವೇ ಅವನ್ನು ಚೀಲದಲ್ಲಿ ಹಾಕಿಕೊಂಡು ನಿಮ್ಮ ಕೌಂಟರಿಗೆ ಬಂದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಕೂರಿಸಿ, ಕಂಪ್ಯೂಟರ್ ನೋಡಿ, ಗುಣವಾದವರ ಹೆಸರು ಆರು ತಿಂಗಳ ತನಕ ಮತ್ತೆ ಸೇರಿಸಲು ಬರುವುದಿಲ್ಲ ಎಂದರು. ಈ ನಿಯಮ ಎಲ್ಲಿ ಬರೆದಿದೆ ಎಂದು ಕೇಳಿದೆ. "ಮ್ಯಾಲಿನವ್ರನ್ನ ಕೇಳ್ರಿ" ಎಂದರು. ಆ ಮೇಲಿನವರು ನೀವು. ಅದಕ್ಕೇ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಕೇಳುತ್ತಿದ್ದೇನೆ. ನಿಯಮ ಇದೆಯೋ, ಅಥವಾ ವೈದ್ಯರಿಲ್ಲದ್ದನ್ನು ಮುಚ್ಚಿಡಲು ಹುಟ್ಟಿಸಿದ್ದೋ?

ಹೋದ ವಾರ ಅವಳು ಮನೆಯ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟು ಬಿದ್ದಳು. ಅವಳ ಹತ್ತಿರ ಆರು ತಿಂಗಳಿಲ್ಲ. ಆ ಕಾಗದವನ್ನು ರದ್ದು ಮಾಡಿ. ಬೇರೆ ಊರಿನಿಂದಲಾದರೂ ಸರಿ, ವೈದ್ಯರನ್ನು ಕರೆಸಿ. ಸೋಮವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಬರುತ್ತೇವೆ. ಪರದೆಯ ಹಿಂದೆ, ಆಸ್ಪತ್ರೆಯ ಬಟ್ಟೆಯಲ್ಲಿ, ನರ್ಸಮ್ಮನ ಎದುರು ತೂಗಿಸಿಕೊಳ್ಳಲು ಅವಳೇ ಒಪ್ಪಿದ್ದಾಳೆ. ಎರಡು ವರ್ಷದಲ್ಲಿ ಅವಳು ನಿಜ ಹೇಳಲು ಸಿದ್ಧಳಾಗಿರುವುದು ಇದೇ ಮೊದಲು. ಅವತ್ತು ನೀವು ವಾಪಸ್ ಕಳಿಸಿದರೆ, ಮತ್ತೆ ಅವಳು ನಮಗೂ ಹೇಳುವುದಿಲ್ಲ.

ಇಂತಿ,
ಕಾಣಬೇಕಾದದ್ದನ್ನು ತಡವಾಗಿ ಕಂಡ ತಂದೆ,
ಹಾಲೇಶ್, ಹೊಸಪೇಟೆ