ಮುಂದಕ್ಕೆ ಹೋದ ಪ್ರವಾಸ

ಅಮ್ಮಾ,

ನನ್ನ ಅಕ್ಷರ ಇನ್ನೂ ಕಾಗೆಕಾಲು ಗುಬ್ಬಿಕಾಲೇ. ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊ.

ನೀನು ತೀರಿಕೊಂಡ ವಿಷಯ ತಿಳಿಸಿ, ನಮ್ಮ ವಿಯೆಟ್ನಾಂ ಪ್ರವಾಸ ರದ್ದು ಮಾಡಿಸಲು ನಿನ್ನೆ ಟ್ರಾವೆಲ್ಸ್ ಆಫೀಸಿಗೆ ಹೋಗಿದ್ದೆ. ಕೆಲಸ ಮುಗಿಸಿ ಇಸ್ತ್ರಿ ಅಂಗಡಿಯಿಂದ ಹೊರಟಾಗಿನಿಂದ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಲೇ ಇದ್ದೆ. ಬಾಗಿಲು ತಳ್ಳುವಷ್ಟರಲ್ಲೇ ನಮಗೆ ಟಿಕೆಟ್ ಮಾಡಿಕೊಟ್ಟಿದ್ದ ಆ ದಪ್ಪ ಕನ್ನಡಕದ ಹೆಂಗಸು ನಕ್ಕರು.

“ಬಾಮ್ಮ! ಎಲ್ಲಿ ನಮ್ಮ ಮಹಾರಾಣಿ? ಸಮುದ್ರದಲ್ಲಿ ಈಜೇ ಈಜ್ತೀನಿ ಅಂತ ನನ್ನ ತಲೆ ತಿಂದಿದ್ರಲ್ಲ!”

“ಹುಷಾರಿಲ್ಲ” ಎಂದುಬಿಟ್ಟೆ.

“ಅಯ್ಯೋ, ಅದಕ್ಯಾಕೆ ಇಷ್ಟು ಸಣ್ಣ ಮುಖ? ಅಲ್ಲಿ ಮಳೆ ಮುಗಿದ ಮೇಲೆ ಹೋಗಿ, ಸಮುದ್ರಾನೂ ಶಾಂತವಾಗಿರುತ್ತೆ. ಇಬ್ಬರದ್ದೂ ಮುಂದಕ್ಕೆ ಹಾಕ್ತೀನಿ. ಆದ್ರೆ ಹೋದ ಸಲದ ಹಾಗೆ ಕೆಲಸ ಜಾಸ್ತಿ ಅಂತ ನೀನೇ ಕೈ ಕೊಡ್ಬೇಡ. ಪಾಪ, ಅವತ್ತು ಅವರ ಮುಖ ನೋಡೋಕಾಗ್ಲಿಲ್ಲ.”

ನಾನು ತಲೆಯಾಡಿಸಿದೆ. ಅವರು ಕಂಪ್ಯೂಟರಿನಲ್ಲಿ ನಿನಗೆ ಕಿಟಕಿ ಪಕ್ಕದ ಸೀಟು ಹಾಕಿದರು. ಊಟ ಸರಿಯಾಗಿ ಮಾಡಬೇಕು ಎಂದು ನಿನಗೆ ಹೇಳಲು ಹೇಳಿದ್ದಾರೆ. ಹೇಳುತ್ತೇನೆ ಎಂದು ಬಂದೆ.

ಮತ್ತೆ ಹೋಗಿ ನಿಜ ತಿಳಿಸಬೇಕು, ಅದು ನನಗೆ ಗೊತ್ತು. ಇವತ್ತು ಹೋಗಲಿಲ್ಲ. ಮರಳಿನಲ್ಲಿ ನಡೆಯಲೆಂದು ನೀನು ಕೊಂಡಿದ್ದ ರಬ್ಬರ್ ಚಪ್ಪಲಿ ಪ್ರವಾಸಕ್ಕೆಂದು ಕಟ್ಟಿಟ್ಟ ಬಟ್ಟೆಗಂಟಿನ ಮೇಲೇ ಇತ್ತು. ಬೆಳಿಗ್ಗೆ ಆ ಜೋಡಿಯನ್ನು ಹಿಡಿದಿದ್ದ ದಾರ ಕತ್ತರಿಸಿ, ಹಾಕಿಕೊಂಡು, ಕೋಣೆಯಿಂದ ಅಡುಗೆಮನೆಗೆ ಬಹಳ ಹೊತ್ತು ಓಡಾಡಿದೆ. ಹೊಸದರಲ್ಲಿ ನಿನ್ನ ಕಾಲು ಕಚ್ಚಬಾರದಲ್ಲ.