ಸರ್ವಾನುಮತ ಎಂಬ ಒಂದು ಪದದ ಬಗ್ಗೆ, ಪಕ್ಷಗಳ ನೋಂದಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ನೋಂದಣಾಧಿಕಾರಿಗಳೇ,

ನಾನು ಒಂಬತ್ತನೇ ತರಗತಿಯನ್ನು ಅರ್ಧಕ್ಕೇ ಬಿಟ್ಟವಳು. ಐದು ವರ್ಷದ ಹಿಂದೆ ಚಿಕ್ಕಮ್ಮನ ಮನೆಗೆ ಬಂದಾಗ ಹತ್ತನೆಯದು ಮುಗಿಸಿದ್ದೇನೆ ಎಂದಿದ್ದೆ. ಆಮೇಲೆ ಆ ಸುಳ್ಳು ನನ್ನನ್ನು ಬಿಟ್ಟು ತಾನೇ ಓದುತ್ತಾ ಹೋಯಿತು. ಲಾಂಡ್ರಿ ಕೆಲಸಕ್ಕೆ ಸೇರುವಾಗ ಕಾಲೇಜು ಮೆಟ್ಟಿಲು ಹತ್ತಿತು. ನಿಮ್ಮ ಕಚೇರಿ ನಡೆಸಿದ ತರಬೇತಿ ಶಿಬಿರದ ಹಾಜರಿ ಪಟ್ಟಿಯಲ್ಲಿ ಪದವಿಯನ್ನೂ ಪಡೆಯಿತು. ಈಗ ಊರಿಗೆಲ್ಲ ಕೇಳುವ ಹಾಗೆ ಇದನ್ನು ಹೇಳಲು ಕಾರಣವಿದೆ. ನಾನು ಈ ನಿಜವನ್ನು ಒಪ್ಪಿಕೊಂಡ ಸಭೆಯ ನಡಾವಳಿಯನ್ನು ನಡೆದ ಹಾಗೆಯೇ ಬರೆದದ್ದಕ್ಕೆ ನೀವು ನಮ್ಮ ಪಕ್ಷದ ಅರ್ಜಿಯನ್ನು ಹಿಂತಿರುಗಿಸಿದ್ದೀರಿ.

ನಾವು ಆಸ್ಪತ್ರೆಗಳ ಹಾಸು ಹೊದಿಕೆ ಒಗೆಯುವವರು. ಒಗೆದ ನೀರು ಹರಿಯಲು ಚರಂಡಿಯಿಲ್ಲದೆ ಬಟ್ಟೆ ಒಣಗಿಸುವ ಓಣಿಯೆಲ್ಲ ಕೆಸರು. ನಗರಸಭೆಗೆ ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಗಿ, ಇನ್ನು ಅಭ್ಯರ್ಥಿಯನ್ನೇ ಕೊಡೋಣ ಎಂದುಕೊಂಡೆವು. ಒಂದೇ ಪಕ್ಷವಿದ್ದ ಕಾಲ ಮುಗಿದು ಕಾನೂನು ಬದಲಾಗಿ ಎರಡು ವರ್ಷವಾಯಿತಲ್ಲ! ಹೊಸ ಪಕ್ಷ ಕಟ್ಟುವುದು ಹೇಗೆಂದು ನೀವೇ ಶಿಬಿರ ಮಾಡಿದಿರಿ, ಬಣ್ಣದ ಪೆನ್ನು ಹಂಚಿದಿರಿ, ‘ಭಿನ್ನಾಭಿಪ್ರಾಯವೇ ಪ್ರಜಾಪ್ರಭುತ್ವದ ಉಸಿರು’ ಎಂದು ಗೋಡೆಗೆ ಅಂಟಿಸಿದಿರಿ. ನಡೆದದ್ದನ್ನು ನಡೆದ ಹಾಗೆ ಬರೆಯುವುದೇ ನಡಾವಳಿ ಎಂದರು ನಿಮ್ಮ ತರಬೇತುದಾರರು. ನಾನು ನಂಬಿದೆ. ಶಾಲೆ ಪೂರ್ತಿ ಮುಗಿಸಿದ್ದರೆ ಬಹುಶಃ ನಂಬುತ್ತಿರಲಿಲ್ಲ.

ಬಟ್ಟೆ ಮಡಚುವ ಕೋಣೆಯಲ್ಲಿ ಇಪ್ಪತ್ತೊಂಬತ್ತು ಜನ ಸಭೆ ಸೇರಿದೆವು. ಓದಿದವಳು ಎಂದು ನನ್ನನ್ನು ಕಾರ್ಯದರ್ಶಿ ಹುದ್ದೆಗೆ ಸೂಚಿಸಿದರು. ಆಗ ಎದ್ದು ನಿಂತು ನಿಜ ಹೇಳಿಬಿಟ್ಟೆ.

“ಅಯ್ಯೋ ನಿನ್ನ!” ಎಂದಳು ಚಿಕ್ಕಮ್ಮ. “ದಿನಾ ಪೇಪರ್ ಓದಿ ಹೇಳ್ತಿದ್ಯಲ್ಲೇ, ಅದೂ ಸುಳ್ಳಾ?”

“ಓದೋಕೆ ಬರುತ್ತೆ ಚಿಕ್ಕಮ್ಮ. ಪಾಸಾಗೋಕೆ ಬರ್ಲಿಲ್ಲ ಅಷ್ಟೇ.”

ಬಾಯ್ಲರ್ ನೋಡಿಕೊಳ್ಳುವ ಅಣ್ಣನನ್ನು ಅವನ ಗಂಟಲಿನ ಜೋರಿಗೆ ಎಲ್ಲರೂ ‘ಮೈಕು’ ಎನ್ನುತ್ತೇವೆ. ಅವನು ಕೇಳಿದ: “ಕೇಳದೇ ನಿಜ ಹೇಳೋರನ್ನ ಕಾರ್ಯದರ್ಶಿ ಮಾಡಿದ್ರೆ ಪಕ್ಷ ಉಳಿಯುತ್ತೇನ್ರಪ್ಪಾ?”

ಮತಕ್ಕೆ ಹಾಕಿದೆವು. ಪರ ಹದಿನೇಳು, ವಿರುದ್ಧ ಹನ್ನೆರಡು. ವಿರುದ್ಧ ಎದ್ದ ಮೊದಲ ಕೈ ಚಿಕ್ಕಮ್ಮನದು. ಎಲ್ಲವನ್ನೂ ಬರೆದೆ. ‘ಮೈಕು ಅವರ ಪ್ರಶ್ನೆಗೆ ಸಭೆಯಲ್ಲಿ ಉತ್ತರ ದೊರೆಯಲಿಲ್ಲ’ ಎಂಬುದನ್ನೂ ಬರೆದೆ.

ನಿಮ್ಮ ಪತ್ರ ಬಂತು: ‘ಪದಾಧಿಕಾರಿಗಳ ಆಯ್ಕೆಯು ಸರ್ವಾನುಮತದಿಂದ ನಡೆದಿರುವುದು ಕಂಡುಬರುವುದಿಲ್ಲ. ನಡಾವಳಿಯನ್ನು ಸರಿಪಡಿಸಿ ಮರುಸಲ್ಲಿಸುವುದು.’ ಗಾಬರಿಯಾಗಿ ಹೊಸ ಕಾನೂನನ್ನು ತರಿಸಿ ಎರಡು ಸಲ ಓದಿದೆ. ಅದರಲ್ಲಿ ಬಹುಮತ ಸಾಕು ಎಂದಿದೆ. ಕಚೇರಿಗೆ ಫೋನ್ ಮಾಡಿದರೆ ನಿಮ್ಮ ಗುಮಾಸ್ತರು ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: “ಏನಮ್ಮಾ, ಒಂದು ಪದ ತಾನೇ? ಆ ಪುಟ ತೆಗೆದು ಬೇರೆ ಬರೆದು ಅಂಟಿಸ್ಕೊಂಡು ಬನ್ನಿ. ಇದುವರೆಗೆ ಹನ್ನೊಂದು ಪಕ್ಷ ನೋಂದಣಿ ಆಗಿದೆ, ಹನ್ನೊಂದೂ ಸರ್ವಾನುಮತ.”

ಎಂಥ ಪುಣ್ಯವಂತ ದೇಶ ನಮ್ಮದು! ಹನ್ನೊಂದು ಪಕ್ಷಗಳಿದ್ದೂ ಒಂದರೊಳಗೂ ಒಂದು ‘ಬೇಡ’ ಹುಟ್ಟಿಲ್ಲ. ನಮ್ಮ ಕೋಣೆಯಲ್ಲಿ ಫ್ಯಾನು ಹಾಕಬೇಕೋ ಬೇಡವೋ ಎಂಬುದಕ್ಕೇ ಮೂರು ಬಣಗಳಿವೆ, ಮಾನ್ಯರೇ. ಎಲ್ಲರೂ ಎಲ್ಲದಕ್ಕೂ ಒಪ್ಪುವುದಾದರೆ ಹನ್ನೊಂದು ಪಕ್ಷಗಳಾದರೂ ಏಕೆ ಬೇಕು? ಒಂದು ಸಾಕಾಗಿತ್ತು. ಒಂದು ಇತ್ತಲ್ಲ!

ತಮಾಷೆ ಹಾಗಿರಲಿ. ನೋಂದಣಿಗೆ ಈ ಶುಕ್ರವಾರ ಕೊನೆಯ ದಿನ. ತಪ್ಪಿದರೆ ನಾಲ್ಕು ವರ್ಷ ಚುನಾವಣೆಯಿಲ್ಲ, ಚರಂಡಿಯೂ ಇಲ್ಲ. ವಿರುದ್ಧ ಮತ ಹಾಕಿದ ಹನ್ನೆರಡರಲ್ಲಿ ಹನ್ನೊಂದು ಜನ ತಾವೇ ಬಂದು, “ನಾವೂ ಹ್ಞೂಂ ಅಂದ್ವಿ ಅಂತ ಬರ್ಕೊಳ್ಳೇ, ಏನೀಗ?” ಎಂದರು. ಸುಳ್ಳು ಹೇಳುತ್ತಿಲ್ಲ, ನಾನು ಪೆನ್ನಿನ ಕ್ಯಾಪು ತೆಗೆದಿದ್ದೆ. ಹನ್ನೆರಡನೆಯವಳು ನಡಾವಳಿ ಪುಸ್ತಕದ ಮೇಲೆ ಅಂಗೈ ಊರಿ ನಿಂತಳು.

“ನನ್ನ ಕೈ ಅಳಿಸಿದ್ರೆ ನೋಡು ಮತ್ತೆ,” ಎಂದಳು ಚಿಕ್ಕಮ್ಮ. “ಆ ಹಳೇ ಪಕ್ಷದ ಸಭೇಲಿ ಮೂವತ್ತು ವರ್ಷ ಎಲ್ಲರ ಜತೆ ಕೈ ಎತ್ತಿದೀನಿ, ಒಬ್ರೂ ಎಣಿಸ್ಲಿಲ್ಲ. ಈ ಸಲ ಬೇಡ ಅಂತ ಎತ್ತಿದೆ. ನೀನು ಎಣಿಸಿದೆ, ಬರೆದೆ. ಅದು ಅಲ್ಲೇ ಇರ್ಲಿ.”

“ಅಂದ್ರೆ ಈಗ ನಾನು ಕಾರ್ಯದರ್ಶಿ ಆಗಬಹುದು ಅಂತೀಯಾ?”

“ಈಗ್ಲೂ ಬೇಡ ಅಂತಲೇ ಅನ್ನೋದು. ಆದ್ರೆ ಆಗಿದೀಯಲ್ಲ, ಹೋಗಿ ಕೆಲಸ ನೋಡು.”

ಇದಕ್ಕಿಂತ ಚೆನ್ನಾಗಿ ನಿಮ್ಮ ಶಿಬಿರದಲ್ಲಿ ಯಾರೂ ಪಾಠ ಹೇಳಲಿಲ್ಲ.

ಆದ್ದರಿಂದ ನಮ್ಮ ಒತ್ತಾಯ ಇಷ್ಟೇ. ನಡಾವಳಿಯನ್ನು ಇದ್ದ ಹಾಗೆಯೇ, ಆ ಹನ್ನೆರಡು ಕೈಗಳ ಸಮೇತ, ಶುಕ್ರವಾರದೊಳಗೆ ಅಂಗೀಕರಿಸಿ. ಆಗುವುದಿಲ್ಲ ಎಂದರೆ ಕಾನೂನಿನ ಯಾವ ಕಲಮಿನ ಪ್ರಕಾರ ಎಂದು ಬರೆದು, ಸಹಿ ಮಾಡಿ ಕೊಡಿ. ‘ಸರಿಪಡಿಸಿ’ ಎನ್ನಬೇಡಿ. ಅದರಲ್ಲಿ ಸರಿಯಿಲ್ಲದ್ದು ಯಾವುದೂ ಇಲ್ಲ, ಎರಡು ಕಾಗುಣಿತದ ತಪ್ಪು ಬಿಟ್ಟರೆ.

ಅಂಚೆಗೆ ಹಾಕಿದರೆ ಪುಸ್ತಕ ಶುಕ್ರವಾರಕ್ಕೆ ತಲುಪುವುದಿಲ್ಲ. ನಾಳೆ ಬೆಳಿಗ್ಗೆ ಐದೂವರೆಯ ಬಸ್ಸಿಗೆ ನಾನೂ ಚಿಕ್ಕಮ್ಮನೂ ಅದನ್ನು ಹಿಡಿದು ನಿಮ್ಮ ಕಚೇರಿಗೆ ಹೊರಡುತ್ತಿದ್ದೇವೆ.

ಇಂತಿ,
ನಿಮ್ಮ ಕಡತದಲ್ಲಿ ಇನ್ನೂ ಪಕ್ಷವಾಗದ ಪಕ್ಷವೊಂದರ ಕಾರ್ಯದರ್ಶಿ