ನಿನ್ನ ಉಸಿರಿರುವ ಸೀಟಿ

ತಮ್ಮ ಸದಾನಂದನಿಗೆ,

ರಬಾಳೆಯಲ್ಲಿ ನೀನು ಕಟ್ಟಿಸುತ್ತಿದ್ದ ಕಟ್ಟಡದ ಸೈಟಿಗೆ ನನ್ನನ್ನು ಮೊದಲ ಬಾರಿ ಕರೆದೊಯ್ದ ಬೆಳಗು ನಿನಗೆ ನೆನಪಿದೆಯೇ? ನೀನು ಕೊರಳಿನ ಸೀಟಿಯನ್ನು ತೆಗೆದು, ಕಬ್ಬಿಣ ಕಟ್ಟುವ ವಿಜಯಪುರದ ನಾಗಮ್ಮನಿಗೆ ಕೊಟ್ಟು, "ಇವತ್ತಿಗೆ ನೀನೇ ಇನ್‌ಚಾರ್ಜ್, ನೀನು ಊದಿದ್ರೆ ಕೆಲಸ ನಿಲ್ಬೇಕು" ಎಂದೆ. ಆಕೆ ಕ್ಷಣವೂ ತಡಮಾಡಲಿಲ್ಲ. "ಸಾಹೇಬ್ರ, ಹೆಲ್ಮೆಟ್ ಎಲ್ಲೈತ್ರಿ? ಹಾಕ್ಕೊಂಡು ಬರ್ರಿ, ಇಲ್ಲಾಂದ್ರ ಹೊರಗ ನಿಲ್ರಿ." ಎಲ್ಲರೂ ನಕ್ಕರು. ನೀನು ತಲೆ ತಗ್ಗಿಸಿ ಹೊರನಡೆದೆ.

ಮರಳುವಾಗ ಠಾಣೆ ರೈಲು ನಿಲ್ದಾಣದಲ್ಲಿ ಡೊಂಬಿವಲಿಯ ಗಾಡಿಗೆ ಕಾಯುತ್ತ, ದಿನಕ್ಕೊಬ್ಬರಿಗೆ ಸೀಟಿ ಕೊಡುವ ನಿನ್ನ ಪದ್ಧತಿಯನ್ನು ನಾನು ಆಕ್ಷೇಪಿಸಿದ್ದೆ. ಸೀಮೆಸುಣ್ಣವನ್ನು ದಿನಕ್ಕೊಬ್ಬ ವಿದ್ಯಾರ್ಥಿಯ ಕೈಗಿತ್ತು ಕುಳಿತ ಶಿಕ್ಷಕಿ ನಾನಲ್ಲ. ನೀನೆಂದೆ: "ಅಕ್ಕ, ನಿಮ್ಮ ಪಾಠ ವರ್ಷವಿಡೀ ಒಂದೇ. ಇಲ್ಲಿ ಕಾಂಕ್ರೀಟಿನ ಅಚ್ಚು ಇವತ್ತು ಪ್ಲೈವುಡ್, ನಾಳೆ ಬೇರೆ ಏನೋ. ಎಲ್ಲರಿಗೂ ಯಾವ ಕೆಲಸಕ್ಕೂ ತಿರುಗ್ಲಿಕ್ಕೆ ಬರ್ಬೇಕು. ನನಗೂ."

"ಪಾಠ ಒಂದೇ ಎಂದು ನಿನಗೆ ಯಾರು ಹೇಳಿದರು?" ಎಂದು ನಾನು ಗದರಿದೆ. ಮಾತು ಅಲ್ಲಿಗೇ ನಿಂತಿತು. ಎಷ್ಟು ಮಾತುಗಳು ಹಾಗೆಯೇ…

ನಿನ್ನ ಉತ್ತರಕ್ರಿಯೆಯ ಮರುದಿನ ನಿನ್ನ ಮಗಳು ಶ್ವೇತಾ ಸೈಟಿನಿಂದ ಫೋನು ಮಾಡಿದಳು. ನಿನ್ನ ಕೆಲಸ ಈಗ ಅವಳದು. ಶೆಡ್ಡಿನಲ್ಲಿ ನಿನ್ನ ಭಾವಚಿತ್ರ ತೂಗುಹಾಕಿ, ಅದಕ್ಕೆ ಹಾರದ ಜೊತೆಗೆ ಸೀಟಿಯನ್ನೂ ತೊಡಿಸಿದ್ದರಂತೆ. ಅಂದಿನಿಂದ ಅದನ್ನು ಯಾರೂ ಊದಲಿಲ್ಲ. ಇಂದು ಯಾರ ಸರದಿ ಎಂದು ಶ್ವೇತಾ ಕೇಳಿದರೆ ಎಲ್ಲರ ಕಣ್ಣೂ ನಿನ್ನ ಚಿತ್ರದತ್ತ. ಪ್ಲೈವುಡ್ಡಿನ ಬದಲು ಅಲ್ಯೂಮಿನಿಯಂ ಅಚ್ಚಿನ ಹಲಗೆಗಳು ಬಂದಿಳಿದವು. ಸಾಹೇಬರು ಕಲಿಸದ ಕೆಲಸವೆಂದು ಯಾರೂ ಮುಟ್ಟಲಿಲ್ಲ. ಹೊಸ ಹಲಗೆಗೆ ಬದಲಾಗದಿದ್ದರೆ ಬೇರೆ ತಂಡ ತರುವುದಾಗಿ ಬಿಲ್ಡರನ ಕಚೇರಿ ತಿಳಿಸಿತು. ನಿನ್ನ ಜನ ನಿನ್ನ ಮೇಲಿನ ಭಕ್ತಿಯಿಂದಲೇ ಬೀದಿಗೆ ಬೀಳಲಿದ್ದರು. ಇದನ್ನು ನೀನು ಬಯಸಿದ್ದೆಯಾ?

ಹಳೆಯ ಪ್ಲೈವುಡ್ ಹಲಗೆಯಲ್ಲೇ ಸ್ಲ್ಯಾಬ್ ಹಾಕಿದ ದಿನವಂತೂ ಒಂದು ಮೂಲೆ ಬಾಯಿ ಬಿಟ್ಟು ಕಾಂಕ್ರೀಟು ಕೆಳಗೆ ಸುರಿಯತೊಡಗಿತು. ಎಲ್ಲರೂ ಕಂಡರು, ಆದರೆ ಸೀಟಿ ಯಾರ ಕೊರಳಲ್ಲೂ ಇರಲಿಲ್ಲ, ನಿಲ್ಲಿಸಿ ಎನ್ನಲು ಒಬ್ಬರಿಗೂ ಬಾಯಿ ಬರಲಿಲ್ಲ. ಶ್ವೇತಾ ಮಹಡಿ ಹತ್ತಿ ಓಡಿಬಂದು ಕೂಗಿದ ಮೇಲೆಯೇ ಕಾಂಕ್ರೀಟಿನ ಪಂಪು ನಿಂತದ್ದು. ಯಾರಿಗೂ ಪೆಟ್ಟಾಗಲಿಲ್ಲ. ಆ ಸಂಜೆ ಅವಳು ನನ್ನ ಮನೆಗೆ ಬಂದಳು. "ಅತ್ತೆ, ವೋ ಸೀಟಿ ಉತಾರ್‌ನಾ ಪಡೇಗಾ, ಇಳಿಸ್ಲೇಬೇಕು. ನಾನು ಮುಟ್ಟಿದ್ರೆ ಅವರು ಬಿಡಲ್ಲ. ನೀವು ಬನ್ನಿ, ಪ್ಲೀಸ್."

ಮರುದಿನ ಶೆಡ್ಡಿನಲ್ಲಿ ನಿನ್ನ ಚಿತ್ರದತ್ತ ನಾನು ಕೈ ಎತ್ತಿದಾಗ ನಾಗಮ್ಮ ಅಡ್ಡ ಬಂದಳು. "ಬ್ಯಾಡ್ರಿ ಅಕ್ಕಾರ. ಸಾಹೇಬ್ರ ಉಸಿರೈತ್ರಿ ಅದರಾಗ." ನನ್ನ ಕೈ ಅಲ್ಲೇ ನಿಂತಿತು, ಸದಾನಂದ. ಹಾಗೆ ನಂಬಲು ನನಗೂ ಎಷ್ಟು ಆಸೆಯಿತ್ತೆಂದು ಅವಳಿಗೆ ಹೇಗೆ ಹೇಳಲಿ? ಕೊನೆಗೆ ಇಷ್ಟೇ ಹೇಳಿದೆ: "ಅವನೊಬ್ಬನದೇ ಅಲ್ಲ ನಾಗಮ್ಮ, ನಿನ್ನ ಉಸಿರೂ ಇದೆ. ನಿಮ್ಮೆಲ್ಲರದೂ ಇದೆ."

ಅವಳು ಪಕ್ಕಕ್ಕೆ ಸರಿದಳು. "ಹಂಗಂದ್ರ ಮೊದ್ಲ ತೊಳೀಬೇಕ್ರಿ."

ಸೀಟಿ ಇಳಿದ ದಿನವೇ ಶ್ವೇತಾ ಎಲ್ಲರೆದುರು, "ಅಲ್ಯೂಮಿನಿಯಂ ನನಗೂ ಹೊಸದು, ಜೊತೆಗೇ ಕಲಿಯೋಣ" ಎಂದಳು. ಬಡಗಿಗಳೂ ಕಬ್ಬಿಣದವರೂ ಒಟ್ಟಿಗೆ ಹಲಗೆ ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿ ಕಲಿತರು. ಕಳೆದ ವಾರ ಅದರಲ್ಲಿ ಮೊದಲ ಸ್ಲ್ಯಾಬ್. ನನ್ನನ್ನೂ ಕರೆದಿದ್ದರು. ಅಂದು ಸರದಿ ನಾಗಮ್ಮನದು. ನಡುವೆ ಹಲಗೆಗಳನ್ನು ಬಿಗಿದಿಡುವ ಪಿನ್ನೊಂದು ಸಡಿಲವಾಯಿತು. ಅವಳು ಸೀಟಿ ಊದಿದಳು.

ನೀನು ಊದುತ್ತಿದ್ದ ಅದೇ ಉದ್ದನೆಯ ದನಿ. ಶ್ವೇತಾ, ಪಂಪಿನವನು, ನಾನು, ಎಲ್ಲರೂ ಶೆಡ್ಡಿನ ಬಾಗಿಲತ್ತ ತಿರುಗಿದೆವು. ನೀನು ಹೊರಬರಬೇಕಿತ್ತು…

"ಅತ್ಲಾಗ ಏನ್ ನೋಡ್ತೀರಿ? ಪಂಪ್ ಬಂದ್ ಮಾಡ್ರಿ," ಎಂದಳು ನಾಗಮ್ಮ.

ಪಂಪು ನಿಂತಿತು. ಪಿನ್ನು ಬಿಗಿದರು, ಕೆಲಸ ಮುಂದುವರಿಯಿತು. ಬೇರೆ ತಂಡದ ಮಾತನ್ನು ಕಚೇರಿ ಮತ್ತೆ ಎತ್ತಿಲ್ಲ. ನಿನ್ನ ಜನ ಉಳಿದರು, ಸದಾನಂದ. ಒಬ್ಬೊಬ್ಬರಾಗಿ ತಮ್ಮ ಕೆಲಸಕ್ಕೆ ಮರಳಿದರು. ಬಾಗಿಲನ್ನೇ ನೋಡುತ್ತ ನಿಂತವಳು ನಾನೊಬ್ಬಳೇ.

ನಿನ್ನ ಅಕ್ಕ